ಶಸ್ತ್ರವೈದ್ಯರೂ ನಾಯಕತ್ವದ ಶಿಕ್ಷಣವೂ

ಶಸ್ತ್ರವೈದ್ಯನಾಗಬಯಸುವವನು ಮೊದಲು ತನ್ನ ಕೈಯನ್ನು ಪಳಗಿಸಿಕೊಳ್ಳಬೇಕೆಂಬುದು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದ ವಿಚಾರ. ಸುಶ್ರುತ ಸಂಹಿತೆಯಲ್ಲಿ ‘ಯೋಗ್ಯಾ’ ಎಂಬ ಅಭ್ಯಾಸಕ್ರಮಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಛೇದನವನ್ನು ಕಲಿಯಬೇಕೆಂದೂ, ಶಾಸ್ತ್ರವನ್ನೆಲ್ಲ ಓದಿದ್ದರೂ ಅಭ್ಯಾಸವಿಲ್ಲದವನು ಚಿಕಿತ್ಸೆಗೆ ಅರ್ಹನಲ್ಲವೆಂದೂ ಅಲ್ಲಿ ಹೇಳಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರು ಕಿರಿಯ ವೈದ್ಯರಿಗೆ ಹಂತಹಂತವಾಗಿ ಹೊಣೆಯನ್ನು ಏರಿಸುವ ತರಬೇತಿಯ ಪದ್ಧತಿಯನ್ನು ರೂಪಿಸಿದರು.

ಹೀಗೆ ಕೈಗೆ ಶಿಕ್ಷಣ ದೊರೆಯಿತು. ಆದರೆ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಇತರರನ್ನು ಮುನ್ನಡೆಸುವುದು ಹೇಗೆಂಬುದನ್ನು ಬಹುಕಾಲ ಯಾರೂ ಪ್ರತ್ಯೇಕವಾಗಿ ಕಲಿಸಲಿಲ್ಲ. ಹಿರಿಯರನ್ನು ನೋಡಿ ಕಿರಿಯರು ಕಲಿತರು; ಹಿರಿಯರ ಗುಣಗಳೊಡನೆ ಅವರ ಸಿಡುಕನ್ನೂ ಕಲಿತರು.

ಒಬ್ಬರ ಕೆಲಸವಲ್ಲ

ಶಸ್ತ್ರಕ್ರಿಯೆ ಒಬ್ಬರಿಂದ ಆಗುವ ಕಾರ್ಯವಲ್ಲ. ಶಸ್ತ್ರವೈದ್ಯರ ದೃಷ್ಟಿ ಅಂಗೈಯಗಲದ ಜಾಗದಲ್ಲಿ ನೆಟ್ಟಿರುತ್ತದೆ. ರೋಗಿಯ ರಕ್ತದೊತ್ತಡ ಇಳಿಯುತ್ತಿರುವುದು ಅರಿವಳಿಕೆ ತಜ್ಞರಿಗೆ ಮೊದಲು ತಿಳಿಯುತ್ತದೆ. ಒಳಗೆ ಹೋದ ಬಟ್ಟೆಯ ತುಂಡುಗಳು ಎಷ್ಟು, ಹೊರಗೆ ಬಂದವು ಎಷ್ಟು ಎಂಬ ಲೆಕ್ಕ ದಾದಿಯರಲ್ಲಿರುತ್ತದೆ. ಹೀಗೆ ಹಲವರಲ್ಲಿ ಹಂಚಿಹೋಗಿರುವ ತಿಳಿವನ್ನು ಸಕಾಲದಲ್ಲಿ ಒಂದೆಡೆಗೆ ತರುವುದೇ ನಾಯಕತ್ವ. ಬ್ಯಾಂಕಿನ ತಿಜೋರಿ ಇಬ್ಬರು ಅಧಿಕಾರಿಗಳ ಕೀಲಿಗಳು ಕೂಡಿದಾಗ ಮಾತ್ರ ತೆರೆಯುತ್ತದೆ. ಅದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಒಬ್ಬರ ಕಣ್ತಪ್ಪನ್ನು ಮತ್ತೊಬ್ಬರು ತಡೆಯಲೆಂಬ ವ್ಯವಸ್ಥೆ. ಕಿರಿಯರು ಹೆದರಿ ಬಾಯಿಮುಚ್ಚಿಕೊಂಡರೆ ಎರಡನೆಯ ಕೀಲಿ ಇಲ್ಲದಂತೆಯೇ ಸರಿ.

ವಿಮಾನ ದುರಂತದ ಪಾಠ

ಈ ಮೌನದ ಬೆಲೆಯನ್ನು ಮೊದಲು ಚೆನ್ನಾಗಿ ಅರಿತವರು ವಿಮಾನ ಚಾಲಕರು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಓಟದ ಹಾದಿಯಲ್ಲಿಯೇ ಡಿಕ್ಕಿಹೊಡೆದು 583 ಮಂದಿ ಮಡಿದರು. ಮುಂದಿನ ವಿಮಾನವು ಹಾದಿ ಬಿಟ್ಟು ಸರಿದಿದೆಯೇ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಸಂಶಯಪಟ್ಟು ಕೇಳಿದ್ದರು. ಬಹು ಅನುಭವಿಯಾದ ಕ್ಯಾಪ್ಟನ್ ಸರಿದಿದೆಯೆಂದು ಉತ್ತರಿಸಿ ಮುಂದುವರಿದರು. ಕಿರಿಯರು ಮತ್ತೆ ತಡೆಯಲಿಲ್ಲ. ಇದೂ ಇಂತಹ ಇನ್ನಿತರ ಅಪಘಾತಗಳೂ ಕಾರಣವಾಗಿ, ಸಂಶಯವನ್ನು ಹೇಳುವುದನ್ನು ಕಿರಿಯರಿಗೂ ಅದನ್ನು ಕೇಳಿಸಿಕೊಳ್ಳುವುದನ್ನು ಹಿರಿಯರಿಗೂ ಕಲಿಸುವ ತರಬೇತಿ ವಿಮಾನಯಾನದಲ್ಲಿ ಬಂದಿತು. ಶಸ್ತ್ರವೈದ್ಯರು ಮುಂದೆ ಇದೇ ಪಾಠವನ್ನು ತಮ್ಮದಾಗಿಸಿಕೊಂಡರು.

ಕಲಿಸಬಹುದಾದ ಗುಣ

ನಾಯಕತ್ವ ಹುಟ್ಟಿನಿಂದ ಬರುವುದೆಂಬ ನಂಬಿಕೆ ಪೂರ್ಣವಾಗಿ ನಿಜವಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ಶಸ್ತ್ರವೈದ್ಯರೊಡಗೂಡಿ, ಕೈಚಳಕದ ಹೊರತಾಗಿ ಬೇಕಾದ ಕೌಶಲಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಪರಿಸ್ಥಿತಿಯ ಅರಿವು, ನಿರ್ಣಯ, ಸಂವಹನ ಮತ್ತು ಸಹಕಾರ, ನಾಯಕತ್ವ. ಇವುಗಳಲ್ಲಿ ನಾಯಕತ್ವವೆಂದರೆ ಕೆಲಸದ ಮಟ್ಟವನ್ನು ಕಾಪಾಡುವುದು, ಇತರರಿಗೆ ಬೆಂಬಲವಾಗಿ ನಿಲ್ಲುವುದು ಮತ್ತು ಒತ್ತಡದಲ್ಲಿ ಸ್ತಿಮಿತ ಕಳೆದುಕೊಳ್ಳದಿರುವುದು. ಹಿರಿಯರು ಇವನ್ನು ಪ್ರತ್ಯಕ್ಷವಾಗಿ ಗಮನಿಸಿ, ಒಂದರಿಂದ ನಾಲ್ಕರವರೆಗೆ ಅಂಕವಿತ್ತು, ಅನಂತರ ಶಿಷ್ಯನೊಡನೆ ಚರ್ಚಿಸುತ್ತಾರೆ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಕ್ರಿಯೆಯ ಸುರಕ್ಷತೆಗಾಗಿ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಛೇದನಕ್ಕೆ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳುವುದು ಅದರ ಒಂದು ಅಂಶ. ಒಮ್ಮೆ ಮಾತನಾಡಿದವರಿಗೆ ಅಪಾಯದ ಹೊತ್ತಿನಲ್ಲಿ ಮತ್ತೆ ಬಾಯಿ ತೆರೆಯುವುದು ಸುಲಭ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿದಾಗ ಮರಣದ ಪ್ರಮಾಣ ಶೇಕಡ 1.5ರಿಂದ 0.8ಕ್ಕೂ, ತೊಡಕುಗಳು ಶೇಕಡ 11ರಿಂದ 7ಕ್ಕೂ ಇಳಿದುವೆಂದು 2009ರಲ್ಲಿ ವರದಿಯಾಯಿತು. ಆದರೆ ಕೆನಡಾದ ಆಂಟೇರಿಯೋ ಪ್ರಾಂತದ 101 ಆಸ್ಪತ್ರೆಗಳ ಬಗೆಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣನೀಯ ಇಳಿತ ಕಂಡುಬರಲಿಲ್ಲ. ಕಾಗದದ ಮೇಲೆ ಗುರುತು ಹಾಕಿದ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ. ಅದನ್ನು ಓದುವಾಗ ತಂಡದ ಮುಖ್ಯಸ್ಥರು ಕೈಕೆಲಸ ನಿಲ್ಲಿಸಿ ಕಿವಿಗೊಡಬೇಕು.

ಅಭ್ಯಾಸದ ಕ್ರಮ

ತರಬೇತಿಯ ಮೊದಲ ವರ್ಷದಿಂದಲೇ ಇದನ್ನು ಆರಂಭಿಸಬಹುದು:

1. ವಾರ್ಡಿನ ಹೊಣೆಯನ್ನು ಮತ್ತೊಬ್ಬರಿಗೆ ವಹಿಸುವಾಗ ಮುಖ್ಯಾಂಶಗಳನ್ನು ಕ್ರಮವಾಗಿ, ಸಂದೇಹಕ್ಕೆಡೆಯಿಲ್ಲದಂತೆ ತಿಳಿಸುವುದು.

2. ಶಸ್ತ್ರಕ್ರಿಯೆಗೆ ಮುನ್ನ ಎರಡು ನಿಮಿಷ ಯೋಜನೆಯನ್ನು ವಿವರಿಸಿ, “ಯಾರಿಗಾದರೂ ಆತಂಕವಿದೆಯೇ?” ಎಂದು ಕೇಳುವುದು.

3. ಅನಿರೀಕ್ಷಿತ ರಕ್ತಸ್ರಾವವಾದಾಗ ತನ್ನ ಯೋಚನೆಯನ್ನು ಗಟ್ಟಿಯಾಗಿ ಹೇಳುವುದು. ಕೆಲಸವನ್ನು ಹೆಸರು ಹಿಡಿದು ಒಪ್ಪಿಸುವುದು.

4. ಹಿರಿಯರ ನೆರವನ್ನು ಬೇಗನೆ ಕೋರುವುದು. ಇದರಲ್ಲಿ ಅವಮಾನವೇನೂ ಇಲ್ಲ, ತಡಮಾಡುವುದರಲ್ಲಿ ಅಪಾಯವಿದೆ.

5. ಕೆಲಸ ಮುಗಿದ ಮೇಲೆ ಎಲ್ಲರೂ ಕೂಡಿ ವಿಮರ್ಶಿಸುವುದು.

ಗುರುಗಳಿಗೂ ಒಂದು ಕರ್ತವ್ಯವಿದೆ. ತಪ್ಪನ್ನು ತಿದ್ದಬೇಕೇ ಹೊರತು ಶಿಷ್ಯನನ್ನು ಎಲ್ಲರೆದುರು ಹೀಯಾಳಿಸಬಾರದು. ಒಮ್ಮೆ ಅವಮಾನಗೊಂಡವನು ಮುಂದಿನ ಸಲ ಕಂಡದ್ದನ್ನೂ ಹೇಳಲು ಹಿಂಜರಿಯುತ್ತಾನೆ.

ಆಸ್ಪತ್ರೆಗೆ ಹೋಗಬೇಕಾಗಿ ಬರುವ ನಾವೂ ಇದಕ್ಕೆ ಸಹಕರಿಸಬಹುದು. ಹೆಸರನ್ನೂ, ಶಸ್ತ್ರಕ್ರಿಯೆ ಆಗಬೇಕಾದುದು ಎಡಕ್ಕೋ ಬಲಕ್ಕೋ ಎಂಬುದನ್ನೂ ಮತ್ತೆ ಮತ್ತೆ ಕೇಳಿದರೆ ಬೇಸರಗೊಳ್ಳದೆ ಉತ್ತರಿಸಬೇಕು. ಅದು ವೈದ್ಯರ ಅಜ್ಞಾನವಲ್ಲ, ಶಿಸ್ತು. ವೈದ್ಯಕೀಯ ಶಿಕ್ಷಣಕ್ಕೆ ಹೊರಟಿರುವ ನಮ್ಮ ಮಕ್ಕಳಿಗೂ ಒಂದು ಮಾತನ್ನು ಈಗಲೇ ಹೇಳಿಡುವುದು ಒಳಿತು: ನುರಿತ ಕೈ ಎಷ್ಟು ಅಗತ್ಯವೋ, ತನಗಿಂತ ಕಿರಿಯರ ಮಾತಿಗೆ ತೆರೆದ ಕಿವಿಯೂ ಅಷ್ಟೇ ಅಗತ್ಯ.