ಅಜ್ಜನ ಫೋಟೋಕ್ಕೆ ಹಾರ ಹಾಕುವ ಮೊದಲು

ಪ್ರೀತಿಯ ಮಕ್ಕಳೇ,

ಅಜ್ಜ ಲಿಂಗೈಕ್ಯರಾಗಿ ವರ್ಷ ತುಂಬುತ್ತ ಬಂತು. ಪುಣ್ಯಸ್ಮರಣೆಗೆ ನೀವೆಲ್ಲ ಬೆಂಗಳೂರು, ಪುಣೆಗಳಿಂದ ಇಳಕಲ್ಲಿಗೆ ಬರುತ್ತೀರಂತೆ, ಅವರ ಬಗ್ಗೆ ಒಂದು ಪುಸ್ತಕ ತರುತ್ತೀರಂತೆ. ಕೇಳಿ ಸಂತೋಷವಾಯಿತು. ಈ ಮನೆಯ ಹಿರಿಮಗಳಾಗಿ ಅವರ ಮಗ್ಗದ ಪಕ್ಕದಲ್ಲೇ ಬೆಳೆದವಳು ನಾನು. ಬರೆಯಲು ಕೂರುವ ಮುಂಚೆ ನನ್ನ ನಾಲ್ಕು ಮಾತು ಕೇಳಿ.

ಪುಸ್ತಕದಲ್ಲಿ ‘ಕಷ್ಟಜೀವಿ’, ‘ದೈವಭಕ್ತ’ ಎಂಬ ಎರಡು ಮಾತು ಬಂದೇ ಬರುತ್ತವೆ. ಎರಡೂ ನಿಜ. ಆದರೆ ಊರಿನ ಯಾವ ಅಜ್ಜನ ಫೋಟೋದ ಕೆಳಗಾದರೂ ಅವನ್ನು ಬರೆಯಬಹುದು. ನಿಮ್ಮ ಅಜ್ಜ ಪಟ್ಟ ಕಷ್ಟ ಎಂಥದು, ಅವರ ಭಕ್ತಿ ಎಲ್ಲಿ ನೆಲೆಸಿತ್ತು ಎಂಬುದನ್ನು ತಿಳಿದುಕೊಂಡು ಬರೆಯಿರಿ.

ಮೊದಲು ಅವರ ಕೆಲಸವನ್ನು ಅರಿಯಿರಿ. ನಮ್ಮದು ಕುಣಿ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೆಳಗೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತ ದಿನವಿಡೀ ಕೂರಬೇಕು. ಅಜ್ಜ ನೇಯ್ದ ಸೀರೆಗಳ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸು ಬೇರೆ ಬೇರೆ. ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸಬೇಕು. ಇದೇ ಕೊಂಡಿ. ಇದರಿಂದಾಗಿ ಪ್ರತಿ ಸೀರೆಗೂ ಹೊಸದಾಗಿಯೇ ಹಾಸು ಹೂಡಬೇಕು. ಒಂದೇ ಉದ್ದನೆಯ ಹಾಸಿನ ಮೇಲೆ ಸೀರೆಯ ಹಿಂದೆ ಸೀರೆ ನೇಯ್ದು ಇಳಿಸುವ ಅನುಕೂಲ ಇಳಕಲ್ ನೇಕಾರನಿಗಿಲ್ಲ. ಒಂದು ಮುಗಿಯಿತೆಂದರೆ ಮತ್ತೆ ಮೊದಲಿನಿಂದ ಶುರು.

ಒಮ್ಮೆ ಕೊಂಡಿ ಹಾಕಿ ಮುಗಿಸಿದ ಮೇಲೆ ಅಪ್ಪ ಅದರ ಮೇಲೆ ಬೆರಳಾಡಿಸಿ ನೋಡಿದರು. ಎಲ್ಲೋ ನಾಲ್ಕೆಂಟು ಎಳೆ ಸಡಿಲವಾಗಿದ್ದವು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರು ಅಷ್ಟನ್ನೂ ಬಿಚ್ಚಿ ಮತ್ತೆ ಹಾಕಲು ಕುಳಿತರು. “ಹೋಗ್ಲಿ ಬಿಡಪ್ಪಾ, ಯಾರಿಗ್ ಗೊತ್ತಾಗತೈತಿ?” ಅಂದೆ. “ಸೆರಗು ಜಗ್ಗಿದ್ರ ಮೊದ್ಲ ಬಿಡೂದು ಇಲ್ಲೇ. ಯಾವ ಹೆಣ್ಮಗಳು ತನ್ನ ಲಗ್ನದಾಗ ಉಟ್ಕೊಂಡಿರ್ತಾಳೋ ಏನೋ” ಅಂದರು. ಆ ಹೆಣ್ಣುಮಗಳನ್ನು ಅವರು ಎಂದೂ ಕಾಣುವವರಲ್ಲ. ಆದರೂ ಅವಳ ಮಾನ ತಮ್ಮ ಬೆರಳಲ್ಲಿದೆ ಎಂದು ನಂಬಿದ್ದರು. ಕಷ್ಟಜೀವಿ ಎಂದು ಬರೆಯುವಾಗ ಬರೀ ಬೆವರನ್ನು ಬರೆಯಬೇಡಿ, ಈ ಎಚ್ಚರವನ್ನು ಬರೆಯಿರಿ.

ಇನ್ನು ಭಕ್ತಿ. ನಸುಕಿನಲ್ಲೇ ಜಳಕ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದುದನ್ನು ನೀವೂ ನೋಡಿದ್ದೀರಿ. ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದವರು ನೇರ ಮಗ್ಗಕ್ಕೆ ಇಳಿಯುತ್ತಿದ್ದರು. ನಡುವೆ ಹರಟೆಯಿಲ್ಲ, ಬೇಸರದ ಮಾತಿಲ್ಲ. ಮುದನೂರಿನ ಜೇಡರ ದಾಸಿಮಯ್ಯ ಮಗ್ಗ ಬಿಡದೆಯೇ ಶರಣನಾದವನು ಎಂಬುದು ಅವರಿಗೆ ಬಲು ಹೆಮ್ಮೆಯ ವಿಷಯ. ನಮ್ಮೂರಿನ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು, ‘ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ’ ಎಂದು ಮನೆಮನೆಗೆ ಹೋದವರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಪ್ಪ ಆ ಜೋಳಿಗೆಗೆ ತಮ್ಮ ತಂಬಾಕಿನ ಡಬ್ಬಿ ಹಾಕಿದರು. ಹಾಕುವುದು ಒಂದು ಗಳಿಗೆಯ ಮಾತು. ಆಮೇಲೆ ಮಗ್ಗದಲ್ಲಿ ಕೂತಾಗಲೆಲ್ಲ ಅವರ ಕೈ ತಾನಾಗಿ ಗೂಡಿನ ಕಡೆ ಹೋಗುತ್ತಿತ್ತು. ಅವ್ವ ಡಬ್ಬಿ ಇದ್ದ ಆ ಜಾಗದಲ್ಲಿ ಪುಟಾಣಿ ತುಂಬಿಟ್ಟಳು. ಅವರ ವ್ರತ ನಡೆದದ್ದು ಆ ಪುಟಾಣಿಯ ಬಲದಿಂದ.

ಅದಕ್ಕೇ ಹೇಳುತ್ತೇನೆ, ಅವ್ವನನ್ನು ಬಿಟ್ಟು ಅಪ್ಪನ ಕಥೆ ಬರೆಯಬೇಡಿ. ಕಂಡಿಕೆ ಸುತ್ತಿದವಳು ಅವಳು, ಹಾಸಿನ ಎಳೆಗಳಿಗೆ ಗಂಜಿ ಹಾಕಿದವಳು ಅವಳು. ಸಾವಕಾರರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಮಜೂರಿ ಅಪ್ಪನ ಹೆಸರಿಗಷ್ಟೇ. ಸಾವಕಾರರು ರೇಷ್ಮೆ ತೂಗಿ ಕೊಡುತ್ತಿದ್ದರು. ನೇಯ್ದಾದ ಮೇಲೆ ಉಳಿದ ಎಳೆಗಳನ್ನು ಅವಳು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ, ಸೀರೆಯ ಜೊತೆ ಅಪ್ಪನ ಕೈಗೆ ಕೊಡುತ್ತಿದ್ದಳು: “ಇದನ್ನೂ ಮುಟ್ಟಸ್ರಿ.” ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ನಮಗೆ ಇಷ್ಟು ಬೇಡ, ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಆ ಕಥೆಯನ್ನು ಮಠದಲ್ಲಿ ಕೇಳಿದವರು ಬಹಳ ಮಂದಿ. ನಮ್ಮ ಮನೆಯಲ್ಲಿ ಅದು ಸೀರೆ ಇಳಿದಾಗಲೆಲ್ಲ ನಡೆಯುತ್ತಿತ್ತು. ಬಡತನವಿದ್ದೂ ಅಪ್ಪ ತಲೆಯೆತ್ತಿ ನಡೆದದ್ದು ಆ ಗಂಟಿನಿಂದ. ಪುಸ್ತಕದ ಮುಖಪುಟಕ್ಕೆ ಇಬ್ಬರ ಫೋಟೋ ಹಾಕಿ.

ಹಾಗೆಂದು ಅಪ್ಪನನ್ನು ದೇವರು ಮಾಡಬೇಡಿ. ನನ್ನ ಶಾಲೆ ಏಳನೆಯ ಇಯತ್ತೆಗೆ ನಿಂತಿತು. ತಮ್ಮಂದಿರು ಓದಲಿ, ಮಗಳು ಕಂಡಿಕೆ ಸುತ್ತಲಿ ಎಂದು ತೀರ್ಮಾನಿಸಿದವರು ಇದೇ ಅಪ್ಪ. ಅದು ನನಗೆ ಬಹುಕಾಲ ಚುಚ್ಚಿದ ಮುಳ್ಳು. ಆದರೆ ಮೊಮ್ಮಗಳು ಕಾಲೇಜು ಸೇರುವ ಕಾಲ ಬಂದಾಗ, “ನಿನಗ ತಪ್ಪಿಸಿದ್ನಿ, ಆಕಿಗೆ ತಪ್ಪಬಾರದು” ಎಂದು ನನ್ನೆದುರೇ ಹೇಳಿ, ಕೂಡಿಟ್ಟ ದುಡ್ಡು ತಂದು ಫೀಸು ತುಂಬಿದವರೂ ಅವರೇ. ತಪ್ಪಿದ್ದನ್ನೂ ಬರೆಯಿರಿ, ತಿದ್ದಿಕೊಂಡದ್ದನ್ನೂ ಬರೆಯಿರಿ. ಓದಿದ ಮಕ್ಕಳಿಗೆ ಅದರಿಂದ ಧೈರ್ಯ ಬರುತ್ತದೆ.

ನೀವು ಯಾರೂ ಮಗ್ಗಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ, ಅಜ್ಜನೂ ಹೇಳಿದವರಲ್ಲ. ಪವರ್‌ಲೂಮ್ ಬಂದ ಮೇಲೆ ಕೈಮಗ್ಗದ ಮಜೂರಿಯಲ್ಲಿ ಸಂಸಾರ ತೂಗುವುದು ಎಷ್ಟು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು. ಮಗ್ಗ ಬಿಟ್ಟರೂ ಅವರ ಅಳತೆಯನ್ನು ಬಿಡಬೇಡಿ. ಕಂಪ್ಯೂಟರ್ ಮುಂದಿರಲಿ, ಆಸ್ಪತ್ರೆಯಲ್ಲಿರಲಿ, ಯಾರೂ ತಪಾಸಣೆ ಮಾಡದ ಭಾಗವನ್ನು ಹೆಚ್ಚು ಜತನದಿಂದ ಮಾಡಿ. ಮನೆಗೆಲಸಕ್ಕೆ ಬರುವವರ ಪಗಾರ ಒಂದನೇ ತಾರೀಖು ದಾಟದಂತೆ ನೋಡಿಕೊಳ್ಳಿ. ನಿಮ್ಮದಲ್ಲದ್ದು ಕೈಗೆ ಬಂದರೆ ಅವ್ವನಂತೆ ಗಂಟು ಕಟ್ಟಿ ಮುಟ್ಟಿಸಿ. ಇಳಕಲ್ ಸೀರೆ ಕೊಳ್ಳುವಾಗ ಮೈಗೂ ಸೆರಗಿಗೂ ನಡುವಿನ ಕೊಂಡಿಯನ್ನು ಮುಟ್ಟಿ ನೋಡಿ, ಕೈಮಗ್ಗದ್ದೇ ಎಂದು ಖಾತ್ರಿ ಮಾಡಿಕೊಂಡು, ಚೌಕಾಸಿ ಮಾಡದೆ ಬೆಲೆ ಕೊಡಿ.

ಕಡೆಯದಾಗಿ ಒಂದು ಮಾತು. ಪುಣ್ಯಸ್ಮರಣೆಯ ದಿನ ದಾಸೋಹ ಚೆನ್ನಾಗಿ ನಡೆಯಲಿ, ಬಂದವರು ಹೊಟ್ಟೆತುಂಬ ಉಣ್ಣಲಿ. ಆದರೆ ಪೆಂಡಾಲು, ಬ್ಯಾನರು, ಮೈಕುಗಳ ಖರ್ಚು ಕಡಿಮೆ ಮಾಡಿ, ಆ ದುಡ್ಡನ್ನು ನಮ್ಮ ಓಣಿಯ ನೇಕಾರರ ಹೆಣ್ಣುಮಕ್ಕಳ ಓದಿಗೆ ತೆಗೆದಿಡಿ. ಒಂದೇ ವರ್ಷಕ್ಕೆ ನಿಲ್ಲಿಸದೆ, ಅಜ್ಜನ ಹೆಸರಿನ ಜೊತೆ ಅಜ್ಜಿಯ ಹೆಸರನ್ನೂ ಸೇರಿಸಿ ವರ್ಷವರ್ಷವೂ ನಡೆಸಿ. ಅಪ್ಪ ಇಳಿವಯಸ್ಸಿನಲ್ಲಿ ಕಲಿತ ಪಾಠವನ್ನು ನೀವು ಈ ವಯಸ್ಸಿಗೇ ಕೈಗೆತ್ತಿಕೊಂಡರೆ, ಅವರ ಮೊಮ್ಮಕ್ಕಳು ಎಂದು ಹೇಳಿಕೊಳ್ಳುವ ಹಕ್ಕು ನಿಮಗೆ ತಾನಾಗಿ ಬರುತ್ತದೆ. ಶರಣು.