ಕನ್ನಡದ ಕೆಲಸಕ್ಕೆ ಲಿನಕ್ಸ್ ಆರಿಸುವಾಗ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನಿಯಮಿತ ಬೆಂಬಲ ಮುಗಿದ ಮೇಲೆ, ವಿಂಡೋಸ್ 11 ಬಯಸುವ ಟಿಪಿಎಂ 2.0 ಚಿಪ್ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಇಲ್ಲದ, ಆದರೆ ಇನ್ನೂ ಚೆನ್ನಾಗಿಯೇ ನಡೆಯುತ್ತಿರುವ ಡೆಸ್ಕ್‌ಟಾಪ್‌ಗಳಿಗೆ ಯಾವ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಬೇಕೆಂಬ ಪ್ರಶ್ನೆ ಅನೇಕ ಬರಹಗಾರರ, ಸಣ್ಣ ಪ್ರಕಾಶಕರ ಮುಂದೆ ಬಂದಿದೆ. ಲಿನಕ್ಸ್ ಎಂಬುದು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕರ್ನೆಲ್‌ನ, ಎಂದರೆ ಯಂತ್ರದ ಬಿಡಿಭಾಗಗಳನ್ನೂ ತಂತ್ರಾಂಶಗಳನ್ನೂ ಬೆಸೆಯುವ ತಿರುಳಿನ ಹೆಸರು. ಅದರ ಸುತ್ತ ಬೇಕಾದ ತಂತ್ರಾಂಶಗಳನ್ನು ಸೇರಿಸಿ ಕೊಡುವ ಕಟ್ಟಿಗೆ ಡಿಸ್ಟ್ರೋ ಎನ್ನುತ್ತಾರೆ. ಆಯ್ಕೆ ನಡೆಯಬೇಕಾದುದು ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ, ಆರ್ಚ್ ಮುಂತಾದ ಈ ಕಟ್ಟುಗಳ ನಡುವೆ.

ಹೊಸಬರು ಸಾಮಾನ್ಯವಾಗಿ ಪರದೆಯ ಚೆಲುವಿಗೆ ಮನಸೋಲುತ್ತಾರೆ. ಆದರೆ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಪರಿಸರಗಳನ್ನು ಬಹುತೇಕ ಎಲ್ಲ ಡಿಸ್ಟ್ರೋಗಳಲ್ಲೂ ಹಾಕಿಕೊಳ್ಳಬಹುದಾದ್ದರಿಂದ ಅದು ಆಮೇಲೆ ಬದಲಿಸಬಹುದಾದ ಸಂಗತಿ. ಬದಲಿಸಲಾಗದ್ದು ಬಿಡುಗಡೆಯ ಲಯ. ಫೆಡೋರಾದ ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬಂದು ಸುಮಾರು 13 ತಿಂಗಳು ಬೆಂಬಲ ಪಡೆಯುತ್ತದೆ. ಆರ್ಚ್‌ನಲ್ಲಿ ಆವೃತ್ತಿಗಳೇ ಇಲ್ಲದೆ ಪರಿಷ್ಕರಣೆ ನಿರಂತರವಾಗಿ ಹರಿಯುತ್ತಿರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷಗಳ ಬೆಂಬಲವಿದೆ. ಡೆಬಿಯನ್‌ಗೂ ವಿಸ್ತರಿತ ಅವಧಿ ಸೇರಿ ಸುಮಾರು ಅಷ್ಟೇ. ಮುನ್ನೂರು ಪುಟದ ಪುಸ್ತಕದ ಕರಡು ಅರ್ಧ ತಿದ್ದಿರುವಾಗ ಪುಟವಿನ್ಯಾಸದ ತಂತ್ರಾಂಶ ತಾನಾಗಿ ಬದಲಾಗಿ ಸಾಲುಗಳೆಲ್ಲ ಸರಿದರೆ ಆಗುವ ನಷ್ಟವನ್ನು ಕಂಡವರು ಕೊನೆಯ ಎರಡರಲ್ಲಿ ಒಂದನ್ನು ಹಿಡಿಯುತ್ತಾರೆ, ಹಾಗೆ ಹಿಡಿಯುವುದು ಸರಿಯೂ ಹೌದು.

ಸ್ಥಿರತೆಗೂ ಒಂದು ಬೆಲೆಯಿದೆ. ಪುಟವಿನ್ಯಾಸದ ಮುಕ್ತ ತಂತ್ರಾಂಶವಾದ ಸ್ಕ್ರೈಬಸ್‌ನ 1.4 ಸರಣಿಯಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಆ ತೊಡಕನ್ನು ಬಿಡಿಸಿದ ಸ್ಥಿರ ಆವೃತ್ತಿ, ಅಂದರೆ 1.6, 2024ರಲ್ಲಷ್ಟೇ ಬಂತು. ಹಳೆಯ ಡಿಸ್ಟ್ರೋದಲ್ಲಿ ಹಳೆಯ ಸ್ಕ್ರೈಬಸ್ಸೇ ಉಳಿದಿರುತ್ತದೆ. ಬುಡದ ವ್ಯವಸ್ಥೆಯನ್ನು ಕದಲಿಸದೆ ಒಂದೇ ತಂತ್ರಾಂಶದ ಹೊಸ ಆವೃತ್ತಿಯನ್ನು ಪ್ರತ್ಯೇಕವಾಗಿ ತಂದುಕೊಳ್ಳುವ ಫ್ಲ್ಯಾಟ್‌ಪ್ಯಾಕ್ ಎಂಬ ಏರ್ಪಾಡು ಇಲ್ಲಿ ನೆರವಿಗೆ ಬರುತ್ತದೆ.

ಯಂತ್ರಾಂಶದ ಪರೀಕ್ಷೆ ಸುಲಭ: ಡಿಸ್ಟ್ರೋವನ್ನು ಪೆನ್‌ಡ್ರೈವ್‌ಗೆ ಬರೆದು, ಹಾರ್ಡ್‌ಡಿಸ್ಕನ್ನು ಮುಟ್ಟದೆ ಅದರಿಂದಲೇ ಕಂಪ್ಯೂಟರ್ ನಡೆಸಿ, ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ನೋಡಬೇಕು. ತಯಾರಕರ ಸ್ವಂತ ಡ್ರೈವರ್ ಇಲ್ಲದೆ ಅಲುಗದ ಹಳೆಯ ಲೇಸರ್ ಪ್ರಿಂಟರ್‌ಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಕನ್ನಡದ ಪರೀಕ್ಷೆಯನ್ನು ಅದೇ ಹೊತ್ತಿನಲ್ಲಿ ಮಾಡುವವರು ಕಡಿಮೆ, ಮಾಡಲೇಬೇಕಾದುದು ಮಾತ್ರ ಅದೇ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶ ಬಳಸಿದವರ ಬೆರಳಿಗೆ ಒಗ್ಗಿರುವ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ಆರಿಸಿಕೊಂಡು ಅರ್ಕ, ರಾಷ್ಟ್ರ, ಸ್ತ್ರೀ, ರ‍್ಯಾಂಕ್ ಎಂಬಂತಹ ಪದಗಳನ್ನು ಬಳಸಬೇಕಾದ ಪ್ರತಿಯೊಂದು ಫಾಂಟ್‌ನಲ್ಲೂ ಬರೆದು, ಪಿಡಿಎಫ್ ಮಾಡಿ, ಕಾಗದದ ಮೇಲೆ ಮುದ್ರಿಸಿ ನೋಡಬೇಕು. ಅರ್ಕಾವತ್ತು ಬಾರದೆ ರಕಾರವೇ ನಿಲ್ಲಬೇಕಾದ ರ‍್ಯಾಂಕ್‌ನಂತಹ ಪದದಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ಇರುತ್ತದೆ. ಅದು ಎಲ್ಲಾದರೂ ಕಳೆದುಹೋದರೆ ತಪ್ಪು ಮುದ್ರಣದವರೆಗೂ ಹೋಗುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಹಳೆಯ ಕಡತಗಳದು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಎಂಬ ತಂತ್ರಾಂಶಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯದಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಆದ್ದರಿಂದ, ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಸಾಲುಗಳಾಗಿ ತೆರೆದುಕೊಳ್ಳುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿದ್ದರೂ, ಇಂಗ್ಲಿಷ್ ಪದಗಳು ಬೆರೆತಲ್ಲಿ, ಅಂಕಿಗಳು ಮತ್ತು ಉದ್ಧರಣ ಚಿಹ್ನೆಗಳಿರುವಲ್ಲಿ ಅವು ಎಡವುತ್ತವೆ. ಹೀಗೆ ತಿರುಗಿಸಿದ ಪ್ರತಿಯೊಂದು ಕಡತವನ್ನೂ ಮುದ್ರಿತ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸಿ ಮುಗಿಸುವವರೆಗೆ, ಹೊಸ ವ್ಯವಸ್ಥೆಯ ಪಕ್ಕದಲ್ಲೇ ಹಳೆಯ ವಿಂಡೋಸ್ ವಿಭಾಗವನ್ನು ಇಂಟರ್‌ನೆಟ್ ಸಂಪರ್ಕವಿಲ್ಲದೆ ಉಳಿಸಿಕೊಳ್ಳುವುದು ಅಗತ್ಯ.