ಈರುಳ್ಳಿ ಗಡ್ಡೆಯಲ್ಲಿ ವಿಜ್ಞಾನದ ಪಾಠ

ನಾನು ಓದಿದ್ದು ಏಳನೇ ಕ್ಲಾಸು. ಮೊಮ್ಮಕ್ಕಳ ವಿಜ್ಞಾನ ಪುಸ್ತಕ ನನಗೆ ಅಷ್ಟಾಗಿ ತಿಳಿಯೋದಿಲ್ಲ. ಆದರೆ ಈರುಳ್ಳಿ ಗಡ್ಡೆಯಿಂದ ಒಂದಷ್ಟು ಹೇಳಿಕೊಡಬಲ್ಲೆ. ದೀಪಾವಳಿ ಹೊತ್ತಿಗೆ, ಮೊಳಕೆ ಇಣುಕುತ್ತಿರುವ ಹಳೇ ಗಡ್ಡೆ 6 ಆರಿಸಿಕೊಳ್ಳಿ.

ಒಂದನ್ನು ಉದ್ದಕ್ಕೆ ಸೀಳಿ ತೋರಿಸಿ. ತಳದ ಗಟ್ಟಿ ಬಿಲ್ಲೆಯೇ ಕಾಂಡ. ದಪ್ಪ ಪದರಗಳು ಎಲೆಯ ಬುಡ. ಗಿಡದ ಬುತ್ತಿ ಇರೋದು ಅಲ್ಲೇ.

ಎರಡನೆಯದನ್ನು ಲೋಟದ ಬಾಯಿಮೇಲೆ, ತಳ ಮಾತ್ರ ನೀರಿಗೆ ತಾಗುವಂತೆ ಕೂರಿಸಿ. ಮಣ್ಣು, ಗೊಬ್ಬರ ಇಲ್ಲದೆಯೂ ಬೇರು, ಎಲೆ ಬರುತ್ತವೆ. ಗಡ್ಡೆ ಮೆತ್ತಗಾಗುತ್ತದೆ. ಬುತ್ತಿ ಖರ್ಚಾಯಿತೆಂದು ಮಕ್ಕಳೇ ಹೇಳುತ್ತಾರೆ.

ಮೂರನೆಯದನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ತಲೆಕೆಳಗಾಗಿ ನೆಡಿಸಿ. 20 ದಿನ ಬಿಟ್ಟು ಕಿತ್ತು ನೋಡಲಿ. ಮೊಳಕೆ ಬಾಗಿ ಮೇಲಕ್ಕೆ, ಬೇರು ಬಾಗಿ ಕೆಳಕ್ಕೆ ತಿರುಗಿರುತ್ತವೆ.

ಉಳಿದ 3 ಗಡ್ಡೆ ಹಿತ್ತಿಲಲ್ಲಿ ನೆಡಿ. ಅಷ್ಟಕ್ಕೆ ದಿನಕ್ಕೊಂದು ಚೊಂಬು ನೀರು ಸಾಕು. ಚಳಿ ತಗುಲಿದ ಮೇಲೆ ಹೂದಂಟು ಏಳುತ್ತದೆ. ಅರಳುವ ಮುಂಚೆ ಒಂದು ಹೂಚೆಂಡಿಗೆ ತೆಳು ಬಟ್ಟೆ ಚೀಲ ಕಟ್ಟಿ, ಮಿಕ್ಕವನ್ನು ಹಾಗೇ ಬಿಡಿ. ಬಿಟ್ಟದ್ದರಲ್ಲಿ ಕರೀ ಬೀಜ ಚೆನ್ನಾಗಿ ಕಟ್ಟುತ್ತದೆ, ಚೀಲದೊಳಗೆ ಕಡಿಮೆ. ಕಾರಣ, ಒಂದು ಹೂವಿನ ಪರಾಗ ಉದುರುವಾಗ ಅದರ ಹೆಣ್ಣು ಭಾಗ ಇನ್ನೂ ಬಲಿತಿರೋದಿಲ್ಲ. ಪಕ್ಕದ ಹೂವಿನಿಂದ ಪರಾಗ ತರಲು ಜೇನು, ನೊಣ ಬೇಕು.

ಇದನ್ನು ಕಂಡ ಮಗು, ಹೂವಿನ ಹೊತ್ತಿನಲ್ಲಿ ಔಷಧಿ ಹೊಡೆಯಲು ಹೊರಟ ಅಪ್ಪನನ್ನು ತಡೆಯುತ್ತದೆ. ಈರುಳ್ಳಿ ಬೀಜ ಒಂದು ವರ್ಷ ಇಟ್ಟರೆ ಸರಿಯಾಗಿ ಹುಟ್ಟೋದಿಲ್ಲ, ವರ್ಷ ವರ್ಷ ಕೊಳ್ಳಲು ದುಡ್ಡು ಸುರಿಯಬೇಕು. ಬೀಜ ಮಾಡುವ ವಿದ್ಯೆ ಮಕ್ಕಳಿಗೆ ಬಂದರೆ ಆ ಖರ್ಚು ಮನೆಯಲ್ಲೇ ಉಳಿದೀತು.